ಬಾಯಿಗೆ ಏನೂ ಬೇಡ

ಜಮಖಂಡಿ
28 ಅಕ್ಟೋಬರ್ 2024

ಹುನ್ನೂರಿನ ಸುಂದರವ್ವನವರಿಗೆ ನಮಸ್ಕಾರ.

ನನ್ನ ಹೆಸರು ಅನುರಾಧಾ. ನಿಮ್ಮ ತಮ್ಮ ಹಾಲಸಿದ್ದಪ್ಪನವರು ನಮ್ಮ ಆಸ್ಪತ್ರೆಯ ಐಸಿಯುದಲ್ಲಿ ಎಂಟನೇ ಬೆಡ್ಡಿನಲ್ಲಿ ಹತ್ತು ದಿನ ಇದ್ದರಲ್ಲ, ಆಗ ಅಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗಿದ್ದವಳು ನಾನು. ಕನ್ನಡಕದವಳು, ಸದಾ ಗಡಿಬಿಡಿಯವಳು. ನೆನಪಾಗದಿದ್ದರೂ ನಡೆಯುತ್ತದೆ.

ಆಸ್ಪತ್ರೆಯ ಹೆಸರಿರುವ ಲಕೋಟೆ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗಬೇಡಿ. ಈ ವರ್ಷ ಹೊಸದಾಗಿ ಬಂದ ನಮ್ಮ ಡಾಕ್ಟರ್ ಸಂಜಯ ಒಂದು ಪದ್ಧತಿ ಹಾಕಿದ್ದಾರೆ. ಐಸಿಯುದಿಂದ ಮನೆಗೆ ಹೋದವರಿರಲಿ, ಹೋಗದೇ ಉಳಿದವರಿರಲಿ, ನಲವತ್ತು ದಿನ ಕಳೆದ ಮೇಲೆ ಆ ಮನೆಗೆ ಕೈಬರಹದ ಒಂದು ಕಾಗದ ಹೋಗಬೇಕು. ಫೋನು ಮಾಡಿದರೆ ಜನ "ಎಲ್ಲಾ ಛಲೋ ಮಾಡೀರಿ" ಎಂದು ಇಟ್ಟುಬಿಡುತ್ತಾರಂತೆ. ಕಾಗದವಾದರೆ ಖರೆ ಮಾತು ಬರುತ್ತದೆ ಎಂಬ ನಂಬಿಕೆ ಅವರದು. ಬರೆಯುವ ಕೆಲಸ ನನ್ನದು. ಇಪ್ಪತ್ತಾರು ಬರೆದಿದ್ದೇನೆ, ಮೂರಕ್ಕೆ ಉತ್ತರ ಬಂದಿದೆ. ಅದರಲ್ಲಿ ಒಬ್ಬರು ನಮ್ಮಲ್ಲಿ ಮರೆತುಹೋದ ಕಂಬಳಿ ಕೇಳಿದ್ದಾರೆ.

ಕೇಳಬೇಕಾದದ್ದು ಮೂರು ಮಾತು. ನಾವು ಮಾಡಿದ್ದರಲ್ಲಿ ಯಾವುದು ಸರಿ ಇತ್ತು? ಯಾವುದು ತಪ್ಪಿತು? ನಿಮಗೆ ಹೇಳಬೇಕಾದದ್ದನ್ನು ಯಾವುದಾದರೂ ಹೇಳದೇ ಉಳಿಸಿದೆವೇ? ಇನ್ನೊಂದು ನನ್ನದೇ ಪ್ರಶ್ನೆ. ಮೊದಲೆಲ್ಲ ಐಸಿಯುದೊಳಗೆ ಮನೆಯವರಿಗೆ ದಿನಕ್ಕೆ ಹತ್ತು ನಿಮಿಷ ಮಾತ್ರ ಬಿಡುತ್ತಿದ್ದರು. ಈ ಆಗಸ್ಟಿನಿಂದ ಪಾಸು ಇದ್ದ ಒಬ್ಬರು ಮುಂಜಾನೆಯಿಂದ ಸಂಜೆಯವರೆಗೆ ಬೆಡ್ಡಿನ ಪಕ್ಕ ಕೂಡಬಹುದು ಎಂದು ಮಾಡಿದೆವು. ಅದಕ್ಕಾಗಿ ಆಡಳಿತದವರೊಡನೆ ಒಂದು ವರ್ಷ ಜಗಳಾಡಿದವಳು ನಾನು. ಅದರಿಂದ ನಿಮಗೇನಾದರೂ ಆಸರೆಯಾಯಿತೇ?

ನಿಮ್ಮ ತಮ್ಮನನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಅದರ ದುಃಖ ನನಗಿದೆ.

ಇತಿ,
ಅನುರಾಧಾ


ಹುನ್ನೂರ
11 ನವೆಂಬರ್ 2024

ಸಿಸ್ಟರ್ ಅನುರಾಧಾ ಅವರಿಗೆ, ಅಂಗನವಾಡಿ ಸುಂದರವ್ವ ಬರೆಯುವುದು.

ಹದಿನೈದು ವರ್ಷದಿಂದ ಮೇಲಿನವರಿಗೆ ವರದಿ ಬರೆಯುವುದೇ ನನ್ನ ಕೆಲಸ. ಕೇಳಿದ್ದಕ್ಕೆ ಉತ್ತರ ಕೊಡದೇ ಬಿಟ್ಟರೆ ನೋಟೀಸು ಬರುತ್ತದೆ ಎಂಬ ಹೆದರಿಕೆ ರಕ್ತದಲ್ಲೇ ಇಳಿದಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ತಪ್ಪು. ನಿಮ್ಮ ಐಸಿಯುದಲ್ಲಿ ಚಪ್ಪಲಿ ಬಿಟ್ಟು ಬನ್ನಿ ಎನ್ನುತ್ತೀರಿ, ಒಳಗಿನ ನೆಲ ಮಂಜಿನ ಹಾಗೆ ತಣ್ಣಗಿರುತ್ತದೆ. ನನ್ನ ಮೊಣಕಾಲು ಇನ್ನೂ ಸರಿಯಾಗಿಲ್ಲ. ಡಾಕ್ಟರು ಐದು ಮಂದಿ ಬಂದು ನನ್ನ ತಮ್ಮನ ಮೈಮೇಲಿಂದ ಹಾಯ್ದು ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಒಮ್ಮೆ ಕೇಳಿದರೆ "ಔಷಧ ನಡದೈತಿ" ಎಂದರು. ನಡೆದೈತಿ ಎನ್ನುವುದು ನನಗೂ ಕಾಣುತ್ತಿತ್ತು, ಎಲ್ಲಿಗೆ ನಡೆದೈತಿ ಎಂದು ಕೇಳಿದ್ದೆ. ಆ ಮಶೀನುಗಳ ಕೂಗು ಬೇರೆ. ಅವು ಕೂಗಿದಾಗ ಓಡಿ ಬರುವುದನ್ನು ನಿಮ್ಮವರು ಬಿಟ್ಟಿದ್ದಾರೆ. ನಾವೇ ಎದ್ದು ಎದ್ದು ಹೆದರುತ್ತಿದ್ದೆವು.

ಸರಿ ಇದ್ದದ್ದೂ ಇದೆ. ಬನಹಟ್ಟಿಯ ಹುಡುಗಿ ಒಬ್ಬಳಿದ್ದಾಳಲ್ಲ, ಪೂನಮ್, ಅವಳು ಮೈ ಒರೆಸುವಾಗ "ಕಾಕಾ, ಈಗ ಎಡಗೈ ಎತ್ತತೀನ್ರಿ" ಎಂದು ಹೇಳಿಯೇ ಎತ್ತುತ್ತಿದ್ದಳು. ಎಚ್ಚರವಿಲ್ಲದವನಿಗೂ ಹೇಳುತ್ತಿದ್ದಳು. ಅವಳಿಗೆ ದೇವರು ಛಲೋ ಮಾಡಲಿ. ಒಳಗೆ ಕೂಡಲು ಬಿಟ್ಟಿರಿ, ಅದೂ ಛಲೋ ಆಯಿತು. ಆದರೆ ಒಂದೇ ಪಾಸು ಕೊಟ್ಟಿರಿ. ತಮ್ಮನ ಹೆಂಡತಿ ರೇಷ್ಮಾ ಒಬ್ಬಳು, ನಾನು ಒಬ್ಬಳು. ಆ ಪಾಸಿನ ಸಲುವಾಗಿ ನಮ್ಮಿಬ್ಬರಲ್ಲಿ ಆದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಇನ್ನು ಹೇಳದೇ ಉಳಿಸಿದ ಮಾತು. ಕಬ್ಬಿನ ಒಣಗರಿಯ ರವದಿಯಲ್ಲಿ ಹಾವು ಕಡಿದು ಬಂದವನು ಐದು ದಿನ ಮಶೀನಿನ ಮೇಲಿದ್ದ. ಆರನೇ ದಿನ ಮುಂಜಾನೆ ಗಂಟಲಿನ ಪೈಪು ತೆಗೆದಿರಿ. ಮಧ್ಯಾಹ್ನ ನನ್ನ ಕೂಡ ಮಾತಾಡಿದ. ಮೂರು ಗಂಟೆಗೆ ನನ್ನನ್ನು ಹೊರಗೆ ಕಳಿಸಿ ಮತ್ತೆ ಪೈಪು ಹಾಕಿದಿರಿ. ಯಾಕೆ? ಆಮೇಲೆ ಅವನು ಕಣ್ಣು ತೆರೆಯಲೇ ಇಲ್ಲ. ಅಷ್ಟು ಹೇಳಿದರೆ ಸಾಕು.

ಸುಂದರವ್ವ


ಜಮಖಂಡಿ
24 ನವೆಂಬರ್ 2024

ಸುಂದರವ್ವನವರೇ,

ನಿಮ್ಮ ಕಾಗದ ಓದಿ ನಮ್ಮವರಿಗೆಲ್ಲ ನಗುವೂ ಬಂತು, ನಾಚಿಕೆಯೂ ಆಯಿತು. ಮನೆಯವರು ಕೂಡುವ ಕಡೆಗೆ ಚಾಪೆ ಹಾಸಿಸಿದ್ದೇವೆ. ರೌಂಡ್ಸ್ ಮುಗಿದ ಮೇಲೆ ಒಬ್ಬ ಡಾಕ್ಟರು ಹಿಂದೆ ಉಳಿದು ಮನೆಯವರಿಗೆ ಕನ್ನಡದಲ್ಲಿ ಹೇಳಬೇಕು ಎಂದು ಡಾಕ್ಟರ್ ಸಂಜಯ ಕಟ್ಟುನಿಟ್ಟು ಮಾಡಿದ್ದಾರೆ. ಮಶೀನುಗಳ ಕೂಗಿನ ವಿಷಯ ಕಷ್ಟದ್ದು. ದಿನಕ್ಕೆ ನೂರಾರು ಸಲ ಸುಮ್ಮನೆ ಕೂಗುತ್ತವೆ, ಕಿವಿ ಮೊಂಡಾಗಿಬಿಡುತ್ತದೆ. ಅದನ್ನೂ ಒಂದೊಂದಾಗಿ ಸರಿಮಾಡುತ್ತಿದ್ದೇವೆ. ಪೂನಮ್‌ಗೆ ನಿಮ್ಮ ಆಶೀರ್ವಾದ ಮುಟ್ಟಿಸಿದೆ, ಔಷಧದ ಕೋಣೆಗೆ ಹೋಗಿ ಅತ್ತಳು.

ನೀವು ಕೇಳಿದ ಮಾತು. ನಾಗರಹಾವಿನ ವಿಷ ಮೈಯ ಸ್ನಾಯುಗಳ ಶಕ್ತಿ ತೆಗೆಯುತ್ತದೆ. ಮದ್ದು ಕೊಟ್ಟ ಮೇಲೆ ಶಕ್ತಿ ಮರಳುತ್ತದೆ, ಆದರೆ ಒಮ್ಮೆಲೇ ಅಲ್ಲ. ಪೈಪು ತೆಗೆದ ನೂರು ಮಂದಿಯಲ್ಲಿ ಹತ್ತೋ ಹನ್ನೆರಡೋ ಮಂದಿಗೆ ಮತ್ತೆ ಹಾಕಬೇಕಾಗುತ್ತದೆ. ನಿಮ್ಮ ತಮ್ಮನಿಗೂ ಉಸಿರು ಸಾಲದೇ ಹೋಯಿತು. ಆಮೇಲೆ ಪುಪ್ಪುಸದಲ್ಲಿ ಸೋಂಕು ಏರಿತು.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡಿ. ನನ್ನ ಕಾಲೂ ಹಾಗೇ ಇವೆ. ಮುಧೋಳದಿಂದ ಜಮಖಂಡಿಗೆ ದಿನಾ ಬಸ್ಸಿನಲ್ಲಿ ನಿಂತು ಬಂದು, ಇಲ್ಲಿ ನಿಂತು, ಮತ್ತೆ ನಿಂತೇ ಹೋಗುವುದು.

ನಿಮ್ಮ,
ಅನುರಾಧಾ


ಹುನ್ನೂರ
15 ಡಿಸೆಂಬರ್ 2024

ಸಿಸ್ಟರ್,

ಚಾಪೆ ಹಾಸಿದಿರಿ, ಸಂತೋಷ. ನೂರರಲ್ಲಿ ಹತ್ತು ಮಂದಿಯ ಲೆಕ್ಕ ಹೇಳಿದಿರಿ. ನಾನು ನನ್ನ ತಮ್ಮನನ್ನು ಕೇಳಿದ್ದೆ. ನಿಮ್ಮ ಕಾಗದ ಊರೆಲ್ಲ ಸುತ್ತಿತು, ನಮ್ಮ ಮನೆಯ ಮುಂದೆ ಮಾತ್ರ ನಿಲ್ಲಲಿಲ್ಲ.

ನೀವು ಬಾಯಿ ಬಿಡುವುದಿಲ್ಲ, ಆದ್ದರಿಂದ ನಾನೇ ಬಿಡುತ್ತೇನೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆ ದಿನ ಎರಡು ಗಂಟೆಗೆ ರೇಷ್ಮಾ ಹೊರಗೆ ಬಂದಳು, ನಾನು ಒಳಗೆ ಹೋದೆ. ತಮ್ಮ ಕಣ್ಣು ತೆರೆದಿದ್ದ. ರೆಪ್ಪೆ ಇನ್ನೂ ಪೂರ್ತಿ ಏಳುತ್ತಿರಲಿಲ್ಲ. ನನ್ನನ್ನು ನೋಡಿ, ಇದ್ದೂ ಇಲ್ಲದ ಧ್ವನಿಯಲ್ಲಿ, "ಯಕ್ಕಾ, ಕುರಿ ಯಾರ ಮೇಸಾಕತ್ತಾರ?" ಎಂದ.

"ಕುರಿ ಹಾಳಾಗಿ ಹೋಗ್ಲಿ, ನೀ ಮದಲ ಆರಾಮ ಆಗು" ಎಂದೆ.

"ಹಂಗ ಅನಬ್ಯಾಡ ಬೇ" ಎಂದ. ಸ್ವಲ್ಪ ಹೊತ್ತಾದ ಮೇಲೆ "ಗಂಟಲಾ ಒಣಗೇತಿ" ಎಂದ.

ನಮ್ಮ ಮನೆದೇವರು ಬೀರಪ್ಪ. ಅವನ ಗುಡಿಯ ಭಂಡಾರ, ಅಂದರೆ ಅರಿಶಿನದ ಪುಡಿ, ನಾವು ಹುಟ್ಟಿದ ಕೂಸಿಗೂ ಹಚ್ಚುತ್ತೇವೆ, ಸಾಯುವವರಿಗೂ ಹಚ್ಚುತ್ತೇವೆ. ತಮ್ಮ ಮಶೀನಿನ ಮೇಲಿದ್ದ ಐದೂ ದಿನ ಸೆರಗಿನ ತುದಿಗೆ ಅದನ್ನು ಕಟ್ಟಿಕೊಂಡೇ ಬರುತ್ತಿದ್ದೆ, ಹಣೆಗೆ ಹಚ್ಚಿ ಹೋಗುತ್ತಿದ್ದೆ. ಆ ದಿನ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ, ಭಂಡಾರ ಕಲಸಿ, ಬೀರಪ್ಪಾ ನೀನೇ ಉಳಿಸಿದಿ ಎಂದು ಬಾಯಿಗೆ ಬಿಟ್ಟೆ. "ಇನ್ನಷ್ಟ" ಎಂದ. ಅರ್ಧ ಗ್ಲಾಸು ಆಯಿತು. ಅವನು ಕೆಮ್ಮಲಿಲ್ಲ. ಕೆಮ್ಮಿದ್ದರೆ ನಿಲ್ಲಿಸುತ್ತಿದ್ದೆ. ನುಂಗುತ್ತಿದ್ದಾನೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಗೊರಗೊರ ಸದ್ದು ಶುರುವಾಯಿತು. ತುಟಿ ಕಪ್ಪಾದವು. ನಾನು ಕೂಗಿದೆ, ಪೂನಮ್ ಆರನೇ ಬೆಡ್ಡಿನಿಂದ ಓಡಿ ಬಂದಳು.

ಮೂರು ತಿಂಗಳಾಯಿತು. ಮುಂಜಾನೆ ಎದ್ದು ಮಕ್ಕಳಿಗೆ ಹಾಡು ಕಲಿಸುತ್ತೇನೆ, ತೂಕ ಮಾಡುತ್ತೇನೆ, ಮೊಟ್ಟೆ ಹಂಚುತ್ತೇನೆ. ಮನೆಗೆ ಬಂದರೆ ರೇಷ್ಮಾಳ ಬರಿಗೈ ಕಾಣುತ್ತದೆ. ಗಂಡ ತೀರಿದ ಮೇಲೆ ತವರಿಗೆ ಬಂದವಳು ನಾನು, ಈ ಹನ್ನೆರಡು ವರ್ಷ ನನ್ನನ್ನು ಅನ್ನ ಹಾಕಿ ಇಟ್ಟುಕೊಂಡವನು ತಮ್ಮ. ನನ್ನ ಕೈಯಿಂದಲೇ ಅವನು ಹೋದನೇ? ಹೌದು ಅಥವಾ ಅಲ್ಲ, ಒಂದನ್ನು ಬರೆಯಿರಿ. ನನಗೆ ಸಮಾಧಾನದ ಮಾತು ಬೇಡ.

ಸುಂದರವ್ವ


ಹುನ್ನೂರ
20 ಜನವರಿ 2025

ಸಿಸ್ಟರ್,

ಉತ್ತರ ಬರಲಿಲ್ಲ. ಸಂಕ್ರಮಣವೂ ಮುಗಿಯಿತು. ಅಂಚೆಯ ಕಾಮಣ್ಣನನ್ನು ದಿನಾ ಕೇಳಿ ಕೇಳಿ, ಈಗ ನನ್ನನ್ನು ಕಂಡರೆ ಅವನು ಸೈಕಲ್ಲು ಆಚೆ ಓಣಿಗೆ ತಿರುಗಿಸುತ್ತಾನೆ.

ಅಮಾವಾಸ್ಯೆಗೆ ಗುಡಿಗೆ ಹೋಗುವುದನ್ನು ಬಿಟ್ಟಿದ್ದೇನೆ. "ಯಾಕ ಅಕ್ಕಾ, ಬೀರಪ್ಪನ ಮ್ಯಾಲ ಸಿಟ್ಟ ಆಗೀರೇನು?" ಎಂದು ರೇಷ್ಮಾ ಕೇಳಿದಳು. ಮೊಣಕಾಲು ನೋವು ಎಂದೆ.

ಉತ್ತರ ಬಾರದಿರುವುದೇ ಉತ್ತರ ಎಂದು ತಿಳಿಯಲೇ?

ಸುಂದರವ್ವ


ಮುಧೋಳ
2 ಫೆಬ್ರುವರಿ 2025

ಸುಂದರಕ್ಕ,

ಇದನ್ನು ಆಸ್ಪತ್ರೆಯ ಕಾಗದದಲ್ಲಿ ಬರೆಯುತ್ತಿಲ್ಲ. ರಜೆಯ ದಿನ, ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಡಿಸೆಂಬರಿನ ಕಾಗದ ನನ್ನ ಚೀಲದಲ್ಲಿ ಏಳು ವಾರ ಬಸ್ಸಿನಲ್ಲಿ ಓಡಾಡಿತು.

ಹೌದು.

ಹಾವಿನ ವಿಷದಿಂದ ಸೋತ ಗಂಟಲಿಗೆ ನುಂಗುವ ಶಕ್ತಿ ತಡವಾಗಿ ಬರುತ್ತದೆ, ಕೆಮ್ಮುವ ಶಕ್ತಿಯೂ ಹಾಗೆಯೇ. ಅದಕ್ಕೇ ಅವರು ಕೆಮ್ಮಲಿಲ್ಲ. ನೀರು ಹೊಟ್ಟೆಗೆ ಹೋಗದೆ ಪುಪ್ಪುಸಕ್ಕೆ ಇಳಿಯಿತು. ಆಮೇಲೆ ಬಂದ ಸೋಂಕಿಗೆ ಅದೊಂದೇ ಕಾರಣ ಎಂದು ಯಾರೂ ಆಣೆ ಮಾಡಲಾರರು. ಆದರೆ ಆ ನೀರು ಹೋಗದಿದ್ದರೆ ಆ ದಿನ ಮತ್ತೆ ಪೈಪು ಹಾಕುವ ಪ್ರಸಂಗ ಬರುತ್ತಿರಲಿಲ್ಲ. ಸಮಾಧಾನ ಬೇಡ ಎಂದಿರಿ, ಆದ್ದರಿಂದ ಇಷ್ಟನ್ನು ನೇರವಾಗಿ ಬರೆದೆ.

ಈಗ ನನ್ನ ಪಾಲಿನದು ಕೇಳಿ. ಪಾಳಿ ಮುಗಿದಿದ್ದರೂ ಮೂರರವರೆಗೆ ಅಲ್ಲೇ ಇದ್ದೆ, ಪೈಪು ಹಾಕುವಾಗ ಗಂಟಲು ಸ್ವಚ್ಛ ಮಾಡಿದವಳು ನಾನು. ಬಂದ ನೀರು ಹಳದಿ. ಕಫದ ಹಳದಿ ಬೇರೆ, ಅರಿಶಿನದ ಹಳದಿ ಬೇರೆ. ಮುಧೋಳದಲ್ಲಿ ಹುಟ್ಟಿ ಬೆಳೆದವಳು ನಾನು, ಆ ಬಣ್ಣ ಗೊತ್ತಿಲ್ಲವೇ? ನಿಮ್ಮ ತಮ್ಮನ ಹಣೆ ನೋಡಿದೆ, ನಿಮ್ಮ ಸೆರಗಿನ ಗಂಟು ನೋಡಿದೆ. ಕೇಸ್ ಶೀಟಿನಲ್ಲಿ "ಹಳದಿ ಕಫ" ಎಂದು ಬರೆದೆ. ಡಾಕ್ಟರು ಅದನ್ನೇ ನಂಬಿದರು. ನಾನು ನಿಮಗೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ.

ನಿಮ್ಮ ಮೇಲಿನ ಕರುಣೆಯಿಂದ ಹಾಗೆ ಬರೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕರುಣೆಯೂ ಇತ್ತು. ಆದರೆ ಮನೆಯವರೇ ನೀರು ಕುಡಿಸಿದರು ಎಂದು ಗೊತ್ತಾದರೆ ಆಡಳಿತದವರು ಮರುದಿನವೇ ಬಾಗಿಲು ಮುಚ್ಚುತ್ತಾರೆ, ನನ್ನ ಒಂದು ವರ್ಷದ ಜಗಳ ಮಣ್ಣುಗೂಡುತ್ತದೆ ಎಂಬ ಹೆದರಿಕೆಯೂ ಇತ್ತು. ಅದಕ್ಕಿಂತ ಕೆಳಗೆ ಇನ್ನೊಂದಿತ್ತು. ಬಾಯಿಗೆ ಏನೂ ಕೊಡಬೇಡಿ ಎಂದು ನಿಮಗೆ ಯಾರೂ ಹೇಳಿರಲಿಲ್ಲ. ತಲೆದೆಸೆಗೆ ಒಂದು ಬೋರ್ಡು ಇತ್ತು, ಎನ್ ಪಿ ಓ ಎಂದು ಮೂರು ಇಂಗ್ಲಿಷ್ ಅಕ್ಷರ. ಏನೂ ಕೊಡಬಾರದು ಎಂದು ಅದರ ಅರ್ಥ. ಅದನ್ನು ನಾವು ಯಾರಿಗಾಗಿ ತೂಗುಹಾಕಿದ್ದೆವೋ ಈಗ ತಿಳಿಯುತ್ತಿಲ್ಲ, ನಮಗಂತೂ ಮೊದಲೇ ಗೊತ್ತಿತ್ತು.

ಎರಡು ಗಂಟೆಗೆ ನಮ್ಮ ಪಾಳಿ ಬದಲಾಗುತ್ತದೆ. ರೋಗಿಯನ್ನು ಒಪ್ಪಿಸುವಾಗ ಬೆಡ್ಡಿನ ಹತ್ತಿರವೇ ನಿಂತು, ಮನೆಯವರ ಎದುರಿಗೆ, ಏನು ಆಗಿದೆ, ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಬೇಕು. ಆ ನಿಯಮ ಬರೆದವಳೂ ನಾನೇ. ಆ ದಿನ ಮುಂಜಾನೆ ಇಬ್ಬರು ಸಿಸ್ಟರುಗಳು ಬಂದಿರಲಿಲ್ಲ. ನನ್ನ ಕಾಲು ಬಾತು ಕುರ್ಚಿಯಿಂದ ಏಳಲಾಗಲಿಲ್ಲ. ಟೇಬಲ್ಲಿನ ಹತ್ತಿರ ಕೂತೇ ಪೂನಮ್‌ಗೆ "ಎಂಟನೇದು ಆರಾಮ ಐತಿ, ಪೈಪ್ ತಗದೇವಿ" ಎಂದೆ. ನುಂಗುವ ಪರೀಕ್ಷೆ ಸಂಜೆ ಆಗಬೇಕು, ಅಲ್ಲಿಯತನಕ ಮನೆಯವರ ಮೇಲೆ ಕಣ್ಣಿಡು ಎಂದು ಹೇಳಲಿಲ್ಲ. ಅವಳ ಕೈಯಲ್ಲಿ ನಾಲ್ಕು ಬೆಡ್ಡು. ಆರಾಮ ಇದ್ದವರನ್ನು ಬಿಟ್ಟು ಆರಾಮ ಇಲ್ಲದ ಆರನೇ ಬೆಡ್ಡಿಗೆ ಹೋದಳು. ಅವಳದೇನೂ ತಪ್ಪಿಲ್ಲ.

ಮೊದಲ ಕಾಗದದಲ್ಲಿ "ಹೇಳಬೇಕಾದದ್ದನ್ನು ಹೇಳದೇ ಉಳಿಸಿದೆವೇ" ಎಂದು ನಿಮ್ಮನ್ನು ಕೇಳಿದವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ತಿಂಗಳ ಕೊನೆಗೆ ನಮ್ಮಲ್ಲಿ ಒಂದು ಸಭೆ ಇರುತ್ತದೆ. ತೀರಿಕೊಂಡವರ ಕೇಸ್ ಶೀಟು ತೆಗೆದು, ಎಲ್ಲಿ ಎಡವಿದೆವು ಎಂದು ನೋಡುವ ಸಭೆ. ಅಲ್ಲಿ ಇದನ್ನೆಲ್ಲ ಹೇಳುತ್ತೇನೆ. ನಿಮ್ಮ ಹೆಸರು ತೆಗೆಯುವುದಿಲ್ಲ.

ಅನುರಾಧಾ


ಜಮಖಂಡಿ
1 ಮಾರ್ಚ್ 2025

ಸುಂದರಕ್ಕ,

ಹೇಳಿದೆ. ಡಾಕ್ಟರ್ ಸಂಜಯ ಕೇಸ್ ಶೀಟು ತಿರುವಿ ಆ ದಿನದ ಪುಟ ತೆಗೆದು ನೋಡಿದರು. ಆಮೇಲೆ "ಆವತ್ತೇ ಹೇಳಿದ್ದರೆ ಮದ್ದು ಬದಲಿಸಿ ನೋಡುತ್ತಿದ್ದೆ" ಎಂದರು. ಉಳಿಯುತ್ತಿದ್ದರೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಮಾತು ನಿಮಗೂ ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ಕೇಸ್ ಶೀಟಿನಲ್ಲಿ ಸುಳ್ಳು ಬರೆದದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಅದು ನ್ಯಾಯವೇ. ಆದರೆ ಆಡಳಿತ ನೋಡುವ ಶಿವಯೋಗೆಪ್ಪನವರು ಅಲ್ಲಿಗೇ ಬಿಡಲಿಲ್ಲ. "ನಾ ಮದಲ ಹೇಳಿದ್ದೆ ಸಿಸ್ಟರ್, ಮಂದೀನ ಒಳಗ ಬಿಟ್ಟರ ಹಿಂಗ ಆಕ್ಕೈತಿ ಅಂತ" ಎಂದು ನಾಳೆಯಿಂದಲೇ ಪಾಸು ಬಂದ್ ಎಂದರು. ಮತ್ತೆ ದಿನಕ್ಕೆ ಹತ್ತು ನಿಮಿಷ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಈಗ ಮನೆಯವರು ಹೊರಗಿನ ಕಟ್ಟೆಯ ಮೇಲೆ ಕೂತು, ಬಾಗಿಲು ತೆರೆದಾಗಲೊಮ್ಮೆ ಎದ್ದು ಕತ್ತು ಚಾಚಿ ನೋಡುತ್ತಾರೆ. ಒಳಗೆ ಎಚ್ಚರವಾದವರು ನಮ್ಮ ಮುಖ ನೋಡಿ ಹೆದರಿ ಪೈಪು ಕೀಳಲು ಹೋಗುತ್ತಾರೆ. ಅವರ ಕೈ ಕಟ್ಟುವುದು ಮತ್ತೆ ಶುರುವಾಗಿದೆ.

ನನಗೆ ಸಾಕಾಗಿದೆ, ಅಕ್ಕ. ಹೊರರೋಗಿಗಳ ವಿಭಾಗಕ್ಕೆ ಹಾಕಿ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಅಲ್ಲಿ ಚೀಟಿ ಕೊಟ್ಟು ಸಾಲು ನಿಲ್ಲಿಸಿದರೆ ಮುಗಿಯಿತು. ಯಾರೂ ಸಾಯುವುದಿಲ್ಲ.

ಅನುರಾಧಾ


ಹುನ್ನೂರ
9 ಮಾರ್ಚ್ 2025

ಅನುರಾಧಾ,

ನೀನು ನನಗಿಂತ ಸಣ್ಣವಳು, ನನ್ನನ್ನು ಅಕ್ಕ ಎಂದೆ, ಇನ್ನು ಬಹುವಚನ ಬಿಟ್ಟೆ.

"ಹೌದು" ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಎರಡು ದಿನ ಏಳಲಿಲ್ಲ. ಮೂರನೇ ದಿನ ಎದ್ದೆ. ಐದು ತಿಂಗಳಿನಿಂದ ಇದ್ದ ಅನುಮಾನಕ್ಕಿಂತ ಅದು ಹಗುರವೇ ಆಗಿತ್ತು. ಯಾಕೆ ಎಂದು ನನಗೂ ಗೊತ್ತಿಲ್ಲ. ನಿನ್ನ ಮೇಲೆ ಸಿಟ್ಟು ಇಲ್ಲವೇ ಎಂದರೆ ಇದೆ. ಡಾಕ್ಟರ್ ಹೇಳಿದ ಮಾತು ಓದಿದಾಗ ನಿನ್ನ ಕಾಗದ ಒಲೆಗೆ ಹಾಕಬೇಕು ಎನಿಸಿತು. ಹಾಕಲಿಲ್ಲ.

ಒಂದು ಮಾತು ನೀನು ತಪ್ಪು ತಿಳಿದಿದ್ದೀಯ. ಯಾರೂ ಹೇಳಲಿಲ್ಲ, ಆದ್ದರಿಂದ ಸುಂದರವ್ವ ಕೊಟ್ಟಳು ಎಂದು ನಿನ್ನ ಲೆಕ್ಕ. ನೀನು ಹೇಳಿದ್ದರೂ ನಾನು ಕೊಡುತ್ತಿದ್ದೆ. ಬೋರ್ಡು ಕನ್ನಡದಲ್ಲಿ ಇದ್ದರೂ ಕೊಡುತ್ತಿದ್ದೆ. ನಮ್ಮಲ್ಲಿ ಒಪ್ಪತ್ತು ಇದ್ದವರೂ ಭಂಡಾರ ಬಾಯಿಗೆ ಹಾಕಿಕೊಳ್ಳುತ್ತಾರೆ, ಅದರಿಂದ ಉಪವಾಸ ಮುರಿಯುವುದಿಲ್ಲ. ಭಂಡಾರ ಊಟವಲ್ಲ, ನೀರಲ್ಲ, ಅದು ದೇವರದು. ಬಾಯಿಗೆ ಏನೂ ಬೇಡ ಎಂದರೆ ನಾನು ಚಹ ಕೊಡುತ್ತಿರಲಿಲ್ಲ, ಎಳನೀರು ಕೊಡುತ್ತಿರಲಿಲ್ಲ. ಭಂಡಾರ ಕೊಡುತ್ತಿದ್ದೆ. ನೀನು ಕೇಳಿದ್ದರೆ "ಏನೂ ಕೊಟ್ಟಿಲ್ರಿ" ಎಂದು ಖರೆಯೇ ಎಂದುಕೊಂಡು ಹೇಳುತ್ತಿದ್ದೆ.

ನಾಚಿಕೆಯ ಮಾತೆಂದರೆ, ಇದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆರು ತಿಂಗಳು ಕೂಸಿಗೆ ತಾಯಿಯ ಹಾಲು ಬಿಟ್ಟು ಏನೂ ಹಾಕಬೇಡಿ ಎಂದು ಹದಿನೈದು ವರ್ಷ ಬಾಣಂತಿಯರಿಗೆ ಹೇಳಿದ್ದೇನೆ. ಎಲ್ಲರೂ "ಏನೂ ಹಾಕಿಲ್ರಿ ಟೀಚರ್" ಎನ್ನುತ್ತಾರೆ. ಒಳಗೆ ಹೋಗಿ ನೋಡಿದರೆ ಅಜ್ಜಿ ಕೂಸಿಗೆ ನೆಕ್ಕಿಸಲು ಬಜಿಯ ಬೇರು ತೇಯುತ್ತಾ ಕೂತಿರುತ್ತಾಳೆ. "ಇದೇನ್ ಬೇ ಆಯಿ?" ಎಂದರೆ "ಬಜಿ ಅದ ತಗೋ, ಅದೇನ್ ತಿನ್ನೂದ?" ಎನ್ನುತ್ತಾಳೆ. ಆಗಿನಿಂದ ನಾನು ಏನು ಹಾಕಿದಿರಿ ಎಂದು ಕೇಳುವುದಿಲ್ಲ. ಬಜಿ ಹಾಕಿದಿರೇನು, ಜೇನು ನೆಕ್ಕಿಸಿದಿರೇನು ಎಂದು ಒಂದೊಂದು ಹೆಸರು ಹಿಡಿದು ಕೇಳುತ್ತೇನೆ. ಊರಿಗೆಲ್ಲ ಬುದ್ಧಿ ಹೇಳಿದ ನಾನು ನನ್ನ ತಮ್ಮನ ಬೆಡ್ಡಿನ ಹತ್ತಿರ ಆ ಅಜ್ಜಿಯೇ ಆದೆ.

ಅದಕ್ಕೇ ನಿಮ್ಮ ಶಿವಯೋಗೆಪ್ಪನವರಿಗೆ ನಾನೇ ಬಂದು ಹೇಳುತ್ತೇನೆ. ಹತ್ತು ನಿಮಿಷ ಬಿಟ್ಟರೂ ಭಂಡಾರ ಕೊಡಲು ಅರ್ಧ ನಿಮಿಷ ಸಾಕು. ಒಳಗೆ ಬಿಡಿ, ಬಿಡುವ ಮುಂಚೆ "ಭಂಡಾರ ಹಣೆಗೆ, ಅಂಗಾರದ ಬೂದಿ ಹಣೆಗೆ, ತೀರ್ಥ ತಲೆಗೆ, ಬಾಯಿಗೆ ಯಾವುದೂ ಬೇಡ" ಎಂದು ಹೆಸರು ಹಿಡಿದು ಹೇಳಿ. ಇಂಥದೇ ತಪ್ಪು ಮಾಡಿ ತಮ್ಮನನ್ನು ಕಳಕೊಂಡವಳು ನಾನು ಎಂದು ಅವರ ಎದುರು ನಿಂತು ಹೇಳುತ್ತೇನೆ. ಬರುವ ಗುರುವಾರ ಬರುತ್ತೇನೆ. ನಿನ್ನ ಅರ್ಜಿ ಅಲ್ಲಿಯವರೆಗೆ ಚೀಲದಲ್ಲೇ ಇರಲಿ.

ಅಲ್ಲಿ ಹೇಳುವ ಮೊದಲು ಮನೆಯಲ್ಲಿ ಹೇಳಬೇಕಾಗಿತ್ತು. ಶುಕ್ರವಾರ ರೇಷ್ಮಾಳನ್ನು ಕೂಡಿಸಿಕೊಂಡು ಹೇಳಿದೆ. ನಿನ್ನ ಕಾಗದಗಳನ್ನೂ ಕೈಗೆ ಕೊಟ್ಟೆ. ಎಲ್ಲ ಓದಿದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಮರುದಿನ ಮುಂಜಾನೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಾಡಗಂಡಿಗೆ, ತನ್ನ ತವರಿಗೆ ಹೋದಳು. ಯಾವಾಗ ಬರುತ್ತಾಳೆಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಕುರಿಗಳನ್ನು ಪಕ್ಕದ ಬಾಳೇಶನ ಮನೆಯವರಿಗೆ ಒಪ್ಪಿಸಿದ್ದೇನೆ.

ಸುಂದರಕ್ಕ


ಬಾಡಗಂಡಿ
25 ಮಾರ್ಚ್ 2025

ಅನುರಾಧಾ ಸಿಸ್ಟರ್ ಅವರಿಗೆ, ಹಾಲಸಿದ್ದಪ್ಪ ಅವರ ಹೆಂಡತಿ ರೇಷ್ಮಾ ಮಾಡುವ ನಮಸ್ಕಾರ.

ಅಕ್ಕ ನಿಮ್ಮ ಆಡಳಿತದವರ ಎದುರು ನಿಂತು ಮಾತಾಡಿದರೆಂದೂ, ಪಾಸು ಮತ್ತೆ ಶುರು ಮಾಡುವುದನ್ನು ನೋಡೋಣ ಎಂದರೆಂದೂ ಪೂನಮ್ ಫೋನಿನಲ್ಲಿ ಹೇಳಿದಳು. ನಾನು ಅಕ್ಕನಿಗೆ ಫೋನು ಮಾಡಿಲ್ಲ.

ನಿಮ್ಮ ಕಾಗದಗಳನ್ನು ಓದಿದ್ದೇನೆ. ಅದರಲ್ಲಿ ಎಲ್ಲ ಬರೆದಿದ್ದೀರಿ. ಬೋರ್ಡು ಬರೆದಿದ್ದೀರಿ, ನಿಮ್ಮ ಕಾಲು ಬಾತದ್ದು ಬರೆದಿದ್ದೀರಿ. ನನ್ನ ಹೆಸರು ಮಾತ್ರ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ ಎಂದು ನನಗೆ ಗೊತ್ತು.

ಆ ದಿನ ಮುಂಜಾನೆ ಪೈಪು ತೆಗೆದ ಮೇಲೆ ನೀವು ನನ್ನ ಹೆಗಲ ಮೇಲೆ ಕೈಯಿಟ್ಟು "ರೇಷ್ಮಾ, ಸಂಜೀತನಾ ಬಾಯಿಗೆ ಏನೂ ಬ್ಯಾಡ. ಹನಿ ನೀರೂ ಬ್ಯಾಡ. ನಿನ್ನ ಹಿಂದ ಬರೂವರಿಗೂ ಇದನ್ನ ಹೇಳು" ಎಂದಿದ್ದಿರಿ. ನಾನು ಹೂಂ ಎಂದಿದ್ದೆ. ನೀವು ಹೇಳಬೇಕಾದದ್ದನ್ನು ಹೇಳಿದ್ದಿರಿ.

ಪಾಸಿನ ಸಲುವಾಗಿ ಅಕ್ಕ ಮತ್ತು ನಾನು ಎರಡು ದಿನದಿಂದ ಮಾತು ಬಿಟ್ಟಿದ್ದೆವು. ಅದು ಅಷ್ಟು ದೊಡ್ಡದಾಗಿರಲಿಲ್ಲ. ಆದರೆ ಅವರು ಕಣ್ಣು ತೆರೆದಾಗ ಪಕ್ಕದಲ್ಲಿ ಇದ್ದವಳು ನಾನು. ಐದು ದಿನ ಅವರ ಕೈ ಹಿಡಿದು ಕೂತವಳು ನಾನು. ಬಾಯಿಗೆ ಮಾತು ಬಂದ ಕೂಡಲೇ ಅವರು ಕೇಳಿದ್ದು "ಅಕ್ಕ ಎಲ್ಲೆದಾಳ?" ಎಂದು. ನನ್ನನ್ನು ಕೇಳಲಿಲ್ಲ, ಮಕ್ಕಳನ್ನು ಕೇಳಲಿಲ್ಲ. ಎರಡು ಗಂಟೆಗೆ ಅಕ್ಕ ಬಾಗಿಲಿಗೆ ಬಂದರು. "ಹೆಂಗದಾನ?" ಎಂದು ಕೇಳಿದರು, ತಾವೇ ಮಾತು ಬಿಟ್ಟು ಎರಡು ದಿನವಾಗಿತ್ತು, ತಾವೇ ಕೇಳಿದರು. ನಾನು ಪಾಸು ಅವರ ಅಂಗೈಗೆ ಹಾಕಿ ಮುಖ ತಿರುಗಿಸಿ ಹೋದೆ.

ಯಾರು ಬೇಡವೆಂದು ಹೇಳಿದ್ದರೂ ಕೊಡುತ್ತಿದ್ದೆ ಎಂದು ಅಕ್ಕ ಆ ಶುಕ್ರವಾರ ನನಗೂ ಹೇಳಿದರು. ಇರಬಹುದು. ಹನಿ ನೀರೂ ಬೇಡ ಎಂಬ ಮಾತು ಕೇಳಿದ್ದರೆ, ಒಣ ಭಂಡಾರ ಒಂದು ಚಿಟಿಕೆ ತುಟಿಗೆ ಹಚ್ಚಿ ಬಿಡುತ್ತಿದ್ದರೇನೋ. ಅದು ಯಾರಿಗೂ ಗೊತ್ತಾಗುವುದಿಲ್ಲ. ನಾನು ಹೇಳಲಿಲ್ಲ ಎನ್ನುವುದಂತೂ ನನಗೆ ಗೊತ್ತು.

ಅಕ್ಕ ನೀರು ಕುಡಿಸಿದ್ದನ್ನಷ್ಟೇ ಇಲ್ಲಿ ಹೇಳಿದ್ದೇನೆ, ಎಲ್ಲರೂ ನಾನು ಅಕ್ಕನ ಮೇಲೆ ಸಿಟ್ಟಾಗಿ ಬಂದಿದ್ದೇನೆ ಎಂದುಕೊಂಡಿದ್ದಾರೆ. "ಗಂಡನ್ನ ಕೊಂದಾಕಿ ಜೋಡಿ ಹೆಂಗ ಇರ್ತಿ?" ಎಂದು ನನ್ನ ಅವ್ವನೇ ಕೇಳಿದಳು. ಹದಿನೇಳು ದಿನ ಅವರನ್ನು ಹಾಗೇ ಅಂದುಕೊಳ್ಳಲು ಬಿಟ್ಟೆ. ಅಕ್ಕ ಆಸ್ಪತ್ರೆಯವರ ಮುಂದೆ ನಿಂತು ತಪ್ಪು ನನ್ನದು ಎಂದು ಹೇಳಿಬಂದ ಮೇಲೆ ನನಗೆ ಇಲ್ಲಿ ಅನ್ನ ಇಳಿಯುತ್ತಿಲ್ಲ.

ಬಾಗಿಲು ತೆರೆದರೆ ಒಂದು ಉಪಕಾರ ಮಾಡಿ. ಪಾಸು ಒಬ್ಬರಿಗೇ ಕೊಡಿ, ಆದರೆ ಒಬ್ಬರು ಹೋಗಿ ಒಬ್ಬರು ಬರುವಾಗ ಇಬ್ಬರನ್ನೂ ನಿಮ್ಮ ಮುಂದೆ ನಿಲ್ಲಿಸಿಕೊಂಡು ಹೇಳಿ. ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ ಎಂದು ನಂಬಬೇಡಿ.

ಅಕ್ಕನಿಗೆ ಇದನ್ನು ನೀವು ಬರೆಯಬೇಡಿ. ನಾನೇ ಹೇಳುತ್ತೇನೆ. ಯುಗಾದಿಯ ಹಿಂದಿನ ದಿನ ಹುನ್ನೂರಿಗೆ ಹೊರಟಿದ್ದೇನೆ. ಹೊಸ್ತಿಲ ಹೊರಗೆ ನಿಂತೇ ಹೇಳಿಬಿಡಬೇಕು. ಒಳಗೆ ಹೋದರೆ ಅಕ್ಕ ಮೊದಲು ಊಟಕ್ಕೆ ಕೂಡಿಸುತ್ತಾರೆ, ಆಮೇಲೆ ನನ್ನಿಂದ ಹೇಳಲಾಗುವುದಿಲ್ಲ.

ರೇಷ್ಮಾ